ಅಣ್ಣನನ್ನು ಹಿಡಿದುಕೊಟ್ಟವಳಿಗೆ ತವರೆಲ್ಲಿ?

ಅಸ್ಟ್ರಿಡ್ ಹೊಲೇಡರ್ ಅನ್ನೋ ಡಚ್ ಹೆಂಗಸಿನ ಕತೆಯನ್ನು ಒಂದು ಸಂಜೆ ಅಮ್ಮನಿಗೆ ಹೇಳುತ್ತಿದ್ದೆ. ಸ್ವಂತ ಅಣ್ಣನ ಮಾತನ್ನು ಕದ್ದು ರೆಕಾರ್ಡ್ ಮಾಡಿ, ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿ ಹೇಳಿ, ಅವನು ಜೀವಮಾನವಿಡೀ ಜೈಲಿನಲ್ಲೇ ಇರುವ ಹಾಗೆ ಮಾಡಿದವಳು. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಐದು ಕೊಲೆ, ಬಿಯರ್ ಕಂಪನಿ ಮಾಲೀಕನ ಅಪಹರಣ, ಕೋಟಿಗಟ್ಟಲೆ ದುಡ್ಡು, ಎಲ್ಲ ಹೇಳಿ ಮುಗಿಸಿದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು: "ಹಾಗಾದ್ರೆ ಅವಳಿಗೆ ತವರು ಇಲ್ವಲ್ಲೇ?"

ನಾನು ನಕ್ಕೆ. ಆಮ್‌ಸ್ಟರ್‌ಡ್ಯಾಮಿನ ಕ್ರಿಮಿನಲ್ ವಕೀಲೆಗೆ ತವರಿನ ಚಿಂತೆಯಾ ಅಂತ. ರಾತ್ರಿ ಮಲಗಿದಾಗ ಆ ಪ್ರಶ್ನೆ ಮತ್ತೆ ಬಂತು, ಆಗ ನಗು ಬರಲಿಲ್ಲ. ನಾನು ಈ ವಿಷಯದ ಬಗ್ಗೆ ಓದಿದ್ದರಲ್ಲಿ ಎಲ್ಲರೂ ಕೇಳುವುದು ಬೇರೆಯದೇ ಪ್ರಶ್ನೆ: ದ್ರೋಹ ಮಾಡಿದ ಒಡಹುಟ್ಟಿದವರಿಗೆ ಕ್ಷಮೆ ಇದೆಯಾ, ಇಲ್ಲವಾ? ಅಮ್ಮ ಕ್ಷಮೆಯ ಮಾತೇ ಎತ್ತಲಿಲ್ಲ. ಅವಳು ಏನು ಕಳಕೊಂಡಳು ಅಂತ ಮಾತ್ರ ಕೇಳಿದರು.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಆಮ್‌ಸ್ಟರ್‌ಡ್ಯಾಮಿನ ಯೋರ್ಡಾನ್ ಅನ್ನೋ ಬಡಾವಣೆ. ಈಗ ಅಲ್ಲಿ ಪ್ರವಾಸಿಗರು ಕಾಲುವೆ ಪಕ್ಕ ಕೂತು ಕಾಫಿ ಕುಡಿಯುತ್ತಾರೆ, ಆಗ ಅದು ಕೂಲಿ ಕಾರ್ಮಿಕರ ಕೇರಿ. ಅಲ್ಲೊಂದು ಮನೆ, ನಾಲ್ಕು ಮಕ್ಕಳು. ಅಪ್ಪ ಹೈನೆಕೆನ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ, ಆ ಕಂಪನಿಯ ಬಿಯರನ್ನೇ ಕುಡಿದು ಬಂದು ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದ. ದೊಡ್ಡ ಮಗ ವಿಲ್ಲೆಮ್ ಹುಟ್ಟಿದ್ದು 1958ರಲ್ಲಿ. ಕೊನೆಯವಳು ಅಸ್ಟ್ರಿಡ್, ಅವನಿಗಿಂತ ಏಳು ವರ್ಷ ಚಿಕ್ಕವಳು. ನಡುವೆ ಇನ್ನೊಬ್ಬ ಅಣ್ಣ, ಮತ್ತೆ ಅಕ್ಕ ಸೋನ್ಯಾ.

1983ರ ನವೆಂಬರ್ 9ರಂದು ವಿಲ್ಲೆಮ್ ಮತ್ತು ಅವನ ಗೆಳೆಯರು ಸೇರಿ ಅದೇ ಕಂಪನಿಯ ಯಜಮಾನ ಫ್ರೆಡ್ಡಿ ಹೈನೆಕೆನ್‌ನನ್ನು, ಜೊತೆಗೆ ಅವನ ಕಾರು ಚಾಲಕನನ್ನು, ಹೊತ್ತೊಯ್ದರು. ಮೂರು ವಾರ ಒಂದು ಗೋದಾಮಿನಲ್ಲಿ ಕೂಡಿಹಾಕಿ 35 ಮಿಲಿಯನ್ ಗಿಲ್ಡರ್ (ಆಗಿನ ಡಚ್ ಹಣ) ವಸೂಲಿ ಮಾಡಿದರು. ಅಪ್ಪ ಯಾರ ಹತ್ತಿರ ಕೂಲಿ ಮಾಡಿದನೋ ಅವನನ್ನೇ ಮಗ ಹೊತ್ತೊಯ್ದ. ಕಾದಂಬರಿಯಲ್ಲಿ ಹೀಗೆ ಬರೆದರೆ ಅತಿಯಾಯಿತು ಅಂತೀವಿ. ಅಪಹರಣದಲ್ಲಿ ಅವನ ಜೊತೆಗಾರ ಕೋರ್ ವಾನ್ ಹೌಟ್, ಚಿಕ್ಕಂದಿನ ಗೆಳೆಯ, ಸೋನ್ಯಾಳ ಸಂಗಾತಿ, ಅವಳ ಮಕ್ಕಳ ಅಪ್ಪ. ಇಬ್ಬರೂ 1984ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿಬಿದ್ದರು, ಹನ್ನೊಂದು ವರ್ಷ ಶಿಕ್ಷೆ ಆಯಿತು, 1992ರಲ್ಲಿ ಹೊರಗೆ ಬಂದರು. ಒತ್ತೆಹಣದಲ್ಲಿ ಒಂದು ದೊಡ್ಡ ಪಾಲು ಪೊಲೀಸರಿಗೆ ಸಿಗಲೇ ಇಲ್ಲ.

ಮುಂದಿನದು ಮನೆಯೊಳಗಿನ ಕತೆ. 1996ರಲ್ಲಿ ಕೋರ್ ಮೇಲೆ ಮನೆ ಮುಂದೆಯೇ ಗುಂಡು ಹಾರಿತು, ಕಾರಿನಲ್ಲಿ ಸೋನ್ಯಾ ಇದ್ದಳು, ಪುಟ್ಟ ಮಗನೂ ಇದ್ದ. ಆಶ್ಚರ್ಯಕ್ಕೆ ಎಲ್ಲರೂ ಉಳಿದರು. 2000ದಲ್ಲಿ ಇನ್ನೊಂದು ಪ್ರಯತ್ನ. 2003ರ ಜನವರಿ 24ರಂದು, ಆಮ್‌ಸ್ಟೆಲ್‌ವೇನ್ ಎಂಬಲ್ಲಿ ಒಂದು ಚೀನೀ ಹೋಟೆಲಿನ ಮುಂದೆ, ಕೋರ್ ಸತ್ತ. ಶವಯಾತ್ರೆಗೆ ಬಿಳಿ ಸಾರೋಟು, ಕುದುರೆಗಳು. ಊರೆಲ್ಲ ನೋಡಿತು. ಕೊಲ್ಲಿಸಿದವನು ವಿಲ್ಲೆಮ್ ಅಂತ ಕೋರ್ಟು ತೀರ್ಮಾನಿಸಿದ್ದು ಹದಿನಾರು ವರ್ಷ ಆದಮೇಲೆ, 2019ರ ಜುಲೈ 4ಕ್ಕೆ. ಆದರೆ ತಂಗಿಯರಿಗೆ ಅದಕ್ಕೆ ಬಹಳ ಮೊದಲೇ ಗೊತ್ತಿತ್ತು.

ಗೊತ್ತಿದ್ದೂ ಏನು ಮಾಡಿದರು? ಸುಮ್ಮನಿದ್ದರು. ಇಲ್ಲಿ ನಾನು ತುಂಬಾ ಹೊತ್ತು ನಿಂತೆ. ಗಂಡನನ್ನು ಕೊಲ್ಲಿಸಿದವನು ಅದೇ ಮನೆಗೆ ಅಣ್ಣನಾಗಿ ಬರುತ್ತಾನೆ, ಹೋಗುತ್ತಾನೆ, ಜೋರು ಮಾಡುತ್ತಾನೆ, ಸೋನ್ಯಾ ಬಾಗಿಲು ತೆಗೆಯುತ್ತಾಳೆ. ಅಸ್ಟ್ರಿಡ್ ಅವನಿಗೆ ಸಲಹೆಗಾರಳ ಹಾಗೆ ಇದ್ದಳು. ಫೋನು ಕದ್ದು ಕೇಳುತ್ತಾರೆ ಅನ್ನೋ ಭಯಕ್ಕೆ ಅಣ್ಣ ತಂಗಿ ಬೀದಿಯಲ್ಲಿ ನಡೆಯುತ್ತಾ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ದೂರದಿಂದ ನೋಡಿದವರಿಗೆ ಎಷ್ಟು ಅನ್ಯೋನ್ಯ ಅನ್ನಿಸಿರಬೇಕು!

ಪೊಲೀಸರ ಹತ್ತಿರ ಹೋಗಬಹುದಿತ್ತಲ್ಲ ಅಂತ ಕೇಳಬಹುದು. ಹೋದವರು ಏನಾದರು ನೋಡಿ. ವಿಲ್ಲೆಮ್ ಎಂಡ್‌ಸ್ಟ್ರಾ ಅಂತ ಒಬ್ಬ ರಿಯಲ್ ಎಸ್ಟೇಟ್ ಕುಳ, ಭೂಗತ ಲೋಕದ ಬ್ಯಾಂಕರ್ ಅಂತಲೇ ಹೆಸರು. ಅಸ್ಟ್ರಿಡ್ ಅಣ್ಣ ವಿಲ್ಲೆಮ್ ಹೊಲೇಡರ್ ಮಾಡುತ್ತಿದ್ದ ಸುಲಿಗೆ ತಾಳಲಾರದೆ ಪೊಲೀಸರಿಗೆ ಗುಟ್ಟಾಗಿ ಎಲ್ಲ ಹೇಳುತ್ತಿದ್ದ. ಸ್ಟೇಷನ್ನಿಗೆ ಹೋಗಿ ಅಲ್ಲ, ಓಡುವ ಕಾರಿನ ಹಿಂದಿನ ಸೀಟಿನಲ್ಲಿ ಕೂತು. 2004ರ ಮೇ 17ಕ್ಕೆ ಅವನನ್ನು ಗುಂಡಿಟ್ಟು ಕೊಂದರು. 2006ರಲ್ಲಿ ಥಾಮಸ್ ವಾನ್ ಡೆರ್ ಬೈಲ್ ಅನ್ನೋ ಬಾರ್ ಮಾಲೀಕ. ಅವನೂ ಪೊಲೀಸರಿಗೆ ಬಾಯಿ ಬಿಟ್ಟವನೇ. ಇದನ್ನೆಲ್ಲ ಕಣ್ಣಾರೆ ನೋಡಿದ ಇಬ್ಬರು ಹೆಂಗಸರು ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದರು ಅಂದರೆ ನಾನಂತೂ ಬೆರಳು ತೋರಿಸಲಾರೆ.

ಸುಲಿಗೆ ಕೇಸಿನಲ್ಲಿ ಒಳಗೆ ಹೋಗಿದ್ದ ಅಣ್ಣ 2012ರಲ್ಲಿ ಹೊರಗೆ ಬಂದ. ಬಂದವನು ಸ್ಟಾರ್ ಆಗಿಬಿಟ್ಟ! ಟಿವಿ ಕಾರ್ಯಕ್ರಮದಲ್ಲಿ ಕಾಲೇಜು ಹುಡುಗರ ಮುಂದೆ ಕೂತ, ವಾರಪತ್ರಿಕೆಗೆ ಅಂಕಣ ಬರೆದ, ಜನ ಅವನ ಜೊತೆ ಫೋಟೋ ತೆಗೆಸಿಕೊಂಡರು. ಡಚ್ಚರು ಇಂಥವರಿಗೆ ಒಂದು ಪದವನ್ನೇ ಮಾಡಿಕೊಂಡಿದ್ದಾರೆ, ನಮ್ಮ ಮಾತಿನಲ್ಲಿ 'ಮುದ್ದು ಕ್ರಿಮಿನಲ್' ಅನ್ನಬಹುದು. ನಾವೇನು ಕಡಿಮೆ ಅಲ್ಲ ಬಿಡಿ, ಬೆಂಗಳೂರಿನ ಹಳೇ ರೌಡಿಗಳ ಹೆಸರನ್ನು ನಾವು ಎಷ್ಟು ಆಪ್ಯಾಯವಾಗಿ ಹೇಳುತ್ತೇವೆ. ಹೊರಗೆ ಊರು ಅವನನ್ನು ಮುದ್ದು ಮಾಡುತ್ತಿತ್ತು, ಒಳಗೆ ಅವನು ಸೋನ್ಯಾಳನ್ನು ದುಡ್ಡಿಗೆ ಪೀಡಿಸುತ್ತಿದ್ದ, ಅವಳ ಮಕ್ಕಳನ್ನು ಕೊಲ್ಲುತ್ತೇನೆ ಅಂತ ಬೆದರಿಸುತ್ತಿದ್ದ. 2013ರ ಹೊತ್ತಿಗೆ ಅಸ್ಟ್ರಿಡ್ ಬಟ್ಟೆಯೊಳಗೆ ಪುಟ್ಟ ರೆಕಾರ್ಡರ್ ಅಡಗಿಸಿಕೊಂಡು ಅವನ ಜೊತೆ ನಡೆಯಲು ಶುರು ಮಾಡಿದಳು.

ಆ ನಡಿಗೆಗಳನ್ನು ಯೋಚಿಸಿ. ಎದೆ ಹತ್ತಿರ ಯಂತ್ರ, ಪಕ್ಕದಲ್ಲಿ ಅಣ್ಣ. ಅವನಿಗೆ ಒಂದು ಸಲ ಅನುಮಾನ ಬಂದರೆ ಮುಗಿಯಿತು. ಆದರೂ ಅವಳು ಅವನನ್ನು ಮಾತಿಗೆಳೆಯಬೇಕು, ತಂಗಿಯ ದನಿಯಲ್ಲೇ ಮಾತಾಡಬೇಕು. ನಟನೆ ಅಂತ ಹೇಳುವುದು ಸುಲಭ. ಆದರೆ ತಂಗಿಯಾಗಿ ಮಾತಾಡುವುದು ಅವಳಿಗೆ ಹುಟ್ಟಿನಿಂದ ಬಂದದ್ದು, ಅದರಲ್ಲಿ ಎಷ್ಟು ನಟನೆ, ಎಷ್ಟು ನಿಜ ಅಂತ ಅವಳಿಗಾದರೂ ಗೊತ್ತಾಗುತ್ತಿತ್ತಾ?

ಇಲ್ಲೊಂದು ಕಾನೂನಿನ ವಿಷಯ ಇದೆ, ಅದು ನನಗೆ ತುಂಬಾ ಮುಖ್ಯ ಅನ್ನಿಸಿತು. ಡಚ್ ಕಾನೂನಿನ ಪ್ರಕಾರ ಒಡಹುಟ್ಟಿದವರ ವಿರುದ್ಧ ಸಾಕ್ಷಿ ಹೇಳಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ಕೋರ್ಟಿನಲ್ಲಿ ನಿಂತು "ಅವನು ನನ್ನ ಅಣ್ಣ, ನಾನು ಮಾತಾಡಲ್ಲ" ಅಂದರೆ ಮುಗಿಯಿತು, ನ್ಯಾಯಾಧೀಶರೂ ಒಪ್ಪಬೇಕು. ನಮ್ಮಲ್ಲಿ ಗಂಡ ಹೆಂಡತಿ ನಡುವಿನ ಮಾತಿಗೆ ಆ ಥರದ ರಕ್ಷಣೆ ಉಂಟು, ಅಣ್ಣ ತಂಗಿಗೆ ಇಲ್ಲ. ಅಲ್ಲಿ ಉಂಟು. ಅಂದರೆ ಅಸ್ಟ್ರಿಡ್‌ಗೆ ಸುಮ್ಮನಿರುವ ಹಕ್ಕನ್ನು ಕಾನೂನೇ ಕೊಟ್ಟಿತ್ತು, ಅವಳು ಅದನ್ನು ಬೇಡ ಅಂದಳು. ಅವಳು ವಕೀಲೆ, ಏನು ಬಿಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು. ಅವಳ ಮೇಲೆ ಕೇಸಿರಲಿಲ್ಲ, ತಪ್ಪಿಸಿಕೊಳ್ಳಲು ಮಾಫಿ ಸಾಕ್ಷಿ ಆದವಳೂ ಅಲ್ಲ. ಅಂದಹಾಗೆ, ಆ ಪದ ನೋಡಿ, ಮಾಫಿ ಸಾಕ್ಷಿ. ಜೊತೆಗಾರರನ್ನು ಹಿಡಿದುಕೊಟ್ಟವನಿಗೆ ಮಾಫಿ. ನಮ್ಮ ಕೋರ್ಟು ಕಚೇರಿಯ ಮಾತಿನಲ್ಲಿ ದ್ರೋಹಕ್ಕೂ ಕ್ಷಮೆಗೂ ಮದುವೆಯೇ ಆಗಿಹೋಗಿದೆ.

ಈಗ ಕ್ಷಮೆಯ ಪ್ರಶ್ನೆಗೆ ಬರುತ್ತೇನೆ. ಮಾಫಿಯಾ ಕತೆಗಳನ್ನು ನೋಡುವಾಗ ನಾವು ಎಲ್ಲಿ ಕೂತು ನೋಡುತ್ತೇವೆ ಗಮನಿಸಿದ್ದೀರಾ? ಯಜಮಾನನ ಕುರ್ಚಿಯಲ್ಲಿ. ತಮ್ಮ ದ್ರೋಹ ಮಾಡಿದ, ಅಣ್ಣ ಕ್ಷಮಿಸುತ್ತಾನೋ ಇಲ್ಲವೋ, ಪಾಪ ಅವನ ಸಂಕಟ ನೋಡಿ, ಅವನ ಕಣ್ಣಲ್ಲಿ ನೀರು ನೋಡಿ. ಸಂಕಟ ಎಲ್ಲ ಕೊಲ್ಲುವವನದು. ನಾವು ಗೆಳೆಯರ ಗುಂಪಿನಲ್ಲಿ ಕೂತು ಚರ್ಚೆ ಮಾಡುವುದೂ ಹಾಗೇ: ನೀನಾಗಿದ್ರೆ ಬಿಡ್ತಿದ್ಯಾ? ಯಾರೂ "ನೀನು ಆ ತಮ್ಮ ಆಗಿದ್ರೆ ಅಣ್ಣನನ್ನು ಬಿಡ್ತಿದ್ಯಾ" ಅಂತ ಕೇಳುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಇಂಥ ಮನೆಗಳಲ್ಲಿ 'ದ್ರೋಹ' ಅನ್ನೋ ಪದ ಯಾವಾಗಲೂ ಬಲವಿದ್ದವನ ಕಿಸೆಯಲ್ಲಿ ಇರುತ್ತದೆ. ವಿಲ್ಲೆಮ್ ತಂಗಿಯ ಸಂಸಾರ ಮುರಿದ, ಅದಕ್ಕೆ ಧಂದೆ ಅಂತ ಹೆಸರು. ತಂಗಿ ಅದನ್ನು ಬಾಯಿಬಿಟ್ಟು ಹೇಳಿದಳು, ಇದಕ್ಕೆ ದ್ರೋಹ ಅಂತ ಹೆಸರು. ಹಾಗಿದ್ದಮೇಲೆ ಕ್ಷಮಿಸುವ ಅಧಿಕಾರ ಅವನ ಕೈಗೆ ಬಂದದ್ದಾದರೂ ಹೇಗೆ? ಕ್ಷಮೆಯ ಲೆಕ್ಕ ಬರೆಯುವುದಾದರೆ ಮೊದಲ ಸಾಲು ಅವನದೇ ಬಾಕಿ. ಜೀವ ತೆಗೆಯದೇ ಬಿಡುವುದನ್ನು ಕರುಣೆ ಅಂತ ಕರೆಯುವ ಮನೆಯಲ್ಲಿ ಆ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಆದರೆ, ಇಷ್ಟು ಖಡಾಖಂಡಿತ ಹೇಳಿದಮೇಲೂ ಅಸ್ಟ್ರಿಡ್ ನನ್ನ ಬಾಯಿ ಮುಚ್ಚಿಸುತ್ತಾಳೆ. 2016ರಲ್ಲಿ ಅವಳು ಈ ಕತೆಯನ್ನು ಪುಸ್ತಕ ಮಾಡಿದಳು, ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅದರ ಹೆಸರು 'ಜುದಾಸ್'. ಏಸುವನ್ನು ಮುತ್ತಿಟ್ಟು ಹಿಡಿದುಕೊಟ್ಟ ಶಿಷ್ಯ. ಅಣ್ಣ ಇಟ್ಟ ಹೆಸರಲ್ಲ, ಪತ್ರಿಕೆಯವರು ಇಟ್ಟದ್ದಲ್ಲ, ತಾನೇ ಹೊತ್ತುಕೊಂಡದ್ದು. ಇಡೀ ದೇಶ "ನೀನು ಮಾಡಿದ್ದು ಸರಿ" ಅಂದರೂ ಅವಳು ಆ ಪದವನ್ನು ಕೆಳಗಿಡಲಿಲ್ಲ. ಅಣ್ಣನ ಮೇಲೆ ಈಗಲೂ ಪ್ರೀತಿ ಇದೆ ಅಂತ ಹೇಳುತ್ತಾಳೆ. ಕೋರ್ಟಿನಲ್ಲಿ ಪರದೆಯ ಹಿಂದೆ ಕೂತು ಸಾಕ್ಷಿ ಹೇಳಿದಳು. ಅಲ್ಲಿ ಜೀವಾವಧಿ ಅಂದರೆ ನಮ್ಮಲ್ಲಿ 14 ವರ್ಷಕ್ಕೆ ಸನ್ನಡತೆ ನೋಡಿ ಬಿಡುವ ಮಾತು ಬರುತ್ತಲ್ಲ, ಹಾಗಲ್ಲ. ಹೆಚ್ಚುಕಮ್ಮಿ ಸಾಯುವವರೆಗೆ ಅಂತಲೇ ಲೆಕ್ಕ. 2022ರಲ್ಲಿ ಮೇಲ್ಮನವಿ ಕೋರ್ಟೂ ಅದೇ ಶಿಕ್ಷೆ ಕೊಟ್ಟಿತು. ಜೈಲಿನಿಂದಲೇ ತಂಗಿಯರನ್ನು ಮುಗಿಸಲು ಸುಪಾರಿ ಕೊಟ್ಟಿದ್ದಾನೆ ಅಂತ ಪ್ರಾಸಿಕ್ಯೂಷನ್ ಹೇಳಿತ್ತು, ಅವನು ಅಲ್ಲಗಳೆದ. ಅವಳು ವಕೀಲಿಕೆ ಬಿಟ್ಟು ತಲೆಮರೆಸಿಕೊಂಡು ಬದುಕಬೇಕಾಯಿತು. ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ, ಮುಖ ತೋರಿಸುವ ಹಾಗಿರಲಿಲ್ಲ. ಅವನಿಗೆ ಗೋಡೆ ಇರುವ ಜೈಲು. ಇವಳಿಗೆ ಗೋಡೆ ಇಲ್ಲದ್ದು, ಅಷ್ಟೇ ವ್ಯತ್ಯಾಸ.

ಅವನ ವಕೀಲರು ಹೇಳಿದ್ದು ತಂಗಿಯರು ಸುಳ್ಳು ಹೇಳುತ್ತಿದ್ದಾರೆ, ಇದೆಲ್ಲ ದುಡ್ಡಿನ ಆಸೆಗೆ ಅಂತ. ದುಡ್ಡು ಬಂದದ್ದು ನಿಜ, ಪುಸ್ತಕ ಮಾರಾಟವಾದದ್ದು ನಿಜ. ಹಾಗಂತ?

ಇಲ್ಲಿ ನಮಗೆ ವಿಭೀಷಣ ನೆನಪಾಗದೇ ಇರುತ್ತಾನಾ. ಕರಾವಳಿಯ ತಾಳಮದ್ದಳೆಯಲ್ಲಿ ವಿಭೀಷಣನ ಅರ್ಥ ಹೇಳುವವರ ಪಾಡು ನೋಡಬೇಕು. ಎದುರು ಕೂತ ರಾವಣ "ಉಂಡ ಮನೆಗೆ ಎರಡು ಬಗೆದವನೇ" ಅಂತ ಶುರು ಮಾಡಿದರೆ ಸಭೆ ರಾವಣನ ಕಡೆ ವಾಲುತ್ತದೆ. ಧರ್ಮ ವಿಭೀಷಣನ ಕಡೆ ಇದೆ ಅಂತ ಎಲ್ಲರಿಗೂ ಗೊತ್ತು, ಚಪ್ಪಾಳೆ ಮಾತ್ರ ರಾವಣನಿಗೆ. ಕುಂಭಕರ್ಣ ತಪ್ಪು ಅಂತ ಅಣ್ಣನಿಗೆ ಹೇಳಿಯೂ ಅವನ ಪರವಾಗಿಯೇ ಸತ್ತ, ಅವನ ಬಗ್ಗೆ ನಮಗೆ ಒಂದು ಹನಿ ಕಣ್ಣೀರು ಯಾವಾಗಲೂ ಉಂಟು. ವಿಭೀಷಣನಿಗೆ ಇಲ್ಲ, ಯಾಕೆಂದರೆ ಅವನು ಉಳಿದ, ಅಷ್ಟೇ ಅಲ್ಲ, ಲಂಕೆಯ ಪಟ್ಟವೂ ಸಿಕ್ಕಿತು. ಲಾಭ ಸಿಕ್ಕಿದ ಒಳ್ಳೇ ಕೆಲಸವನ್ನು ನಾವು ನಂಬುವುದಿಲ್ಲ. ಅಸ್ಟ್ರಿಡ್ ಪುಸ್ತಕ ಬರೆಯದೆ, ಸಾಕ್ಷಿ ಹೇಳಿ ಮಾರನೇ ದಿನ ಗುಂಡೇಟಿಗೆ ಬಲಿಯಾಗಿದ್ದರೆ ಅವಳೊಬ್ಬ ವೀರವನಿತೆ ಆಗುತ್ತಿದ್ದಳು, ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಬದುಕಿದ್ದೇ ತಪ್ಪಾಯಿತು ನೋಡಿ.

ಇನ್ನೊಂದು ತುದಿಯಲ್ಲಿ ಅಮೆರಿಕದ ಬಾಸ್ಟನ್ನಿನ ಬಲ್ಜರ್ ಅಣ್ಣತಮ್ಮಂದಿರು. ಅಣ್ಣ ಜೇಮ್ಸ್, ದಕ್ಷಿಣ ಬಾಸ್ಟನ್ನಿನ ಗ್ಯಾಂಗ್‌ಸ್ಟರ್. ತಮ್ಮ ವಿಲಿಯಂ ಮ್ಯಾಸಚೂಸೆಟ್ಸ್ ಸೆನೆಟ್ಟಿನ ಅಧ್ಯಕ್ಷ, ಆಮೇಲೆ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಮುಖ್ಯಸ್ಥ. ಅಣ್ಣ 1994ರ ಕೊನೆಗೆ ಪರಾರಿಯಾದ, ಸಿಕ್ಕಿದ್ದು 2011ರಲ್ಲಿ. ಓಡಿಹೋದ ಸ್ವಲ್ಪ ದಿನಕ್ಕೆ ತಮ್ಮನಿಗೆ ಒಂದು ಫೋನು ಮಾಡಿದ್ದ, ಬೇರೆ ಯಾರದೋ ಮನೆಗೆ. ಶರಣಾಗು ಅಂತ ತಮ್ಮ ಹೇಳಲಿಲ್ಲ. ಅಣ್ಣನನ್ನು ಹಿಡಿದುಕೊಡುವುದು ನನ್ನ ಕೆಲಸವಲ್ಲ ಅನ್ನೋ ಅರ್ಥದ ಮಾತನ್ನೇ ಆಡಿದ. 2003ರಲ್ಲಿ ವಿಶ್ವವಿದ್ಯಾಲಯದ ಹುದ್ದೆ ಬಿಡಬೇಕಾಯಿತು. ಬಾಯಿ ಮುಚ್ಚಿಕೊಂಡ ತಮ್ಮ, ಕುಂಭಕರ್ಣನ ಹಾಗೆ. ಇದರಲ್ಲಿ ಒಂದು ವ್ಯಂಗ್ಯ ಇದೆ: ಆ ಅಣ್ಣ, ಯಾರಿಗೋಸ್ಕರ ತಮ್ಮ ಮರ್ಯಾದೆ ಕಳಕೊಂಡನೋ ಅವನು, ಸ್ವತಃ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ವರ್ಷಗಟ್ಟಲೆ ಮಾಹಿತಿ ಕೊಡುತ್ತಿದ್ದವನು! ಎದುರಾಳಿಗಳನ್ನು ಹಿಡಿಸಿ ತನ್ನ ದಾರಿ ಸುಗಮ ಮಾಡಿಕೊಂಡಿದ್ದ. ಕೋರ್ಟು ಹನ್ನೊಂದು ಕೊಲೆಗಳಲ್ಲಿ ಅವನ ಪಾತ್ರ ಸಾಬೀತಾಗಿದೆ ಅಂದಿತು. ಸತ್ತವರಿಗೂ ಅಣ್ಣತಮ್ಮಂದಿರು ಇದ್ದರು ತಾನೇ. ಅವರು ವಿಲಿಯಂನ ನಿಷ್ಠೆಯನ್ನು ಏನಂತ ಕರೆದಿರಬಹುದು?

ನಿಷ್ಠೆಯೇ ಧಂದೆಯ ಬಂಡವಾಳ ಆಗಿರುವ ಜಾಗ ದಕ್ಷಿಣ ಇಟಲಿಯ ಕಲಾಬ್ರಿಯಾ. ಸಿಸಿಲಿಯ ಮಾಫಿಯಾ ಹೊರಗಿನ ಗಂಡಸರನ್ನೂ ಪ್ರಮಾಣ ಮಾಡಿಸಿ ಸೇರಿಸಿಕೊಳ್ಳುತ್ತಿತ್ತು. ಕಲಾಬ್ರಿಯಾದ ಎಂಡ್ರಂಗೆಟಾ ಅನ್ನೋ ಮಾಫಿಯಾ ನಿಂತಿರುವುದು ರಕ್ತಸಂಬಂಧದ ಮೇಲೆ. ಅಪ್ಪ, ಮಕ್ಕಳು, ಅಣ್ಣತಮ್ಮ, ಬಾವಂದಿರು. ಹಾಗಾಗಿ ಅಲ್ಲಿ ಪೊಲೀಸರಿಗೆ ಬಾಯಿ ಬಿಡುವವರು ಬಹಳ ಕಮ್ಮಿ. ಬಾಯಿ ಬಿಟ್ಟರೆ ಹೋಗುವುದು ಒಡಹುಟ್ಟಿದವರೇ ಅಲ್ವಾ. ಆ ಕಟ್ಟು ಒಡೆದವರಲ್ಲಿ ಹೆಂಗಸರು ಮುಂದೆ. ರೊಸಾರ್ನೋ ಊರಿನ ಜುಸೆಪಿನಾ ಪೆಶೆ 2010ರಲ್ಲಿ ಅಪ್ಪ, ಅಣ್ಣತಮ್ಮ ಅನ್ನದೆ ಎಲ್ಲರ ಬಗ್ಗೆ ಹೇಳಲು ಶುರು ಮಾಡಿದಳು, ನಡುವೆ ಮಕ್ಕಳ ಸಲುವಾಗಿ ಹಿಂದೆ ಸರಿದಳು, ಮತ್ತೆ ಮುಂದೆ ಬಂದಳು. ಅದೇ ಊರಿನ ಮರಿಯಾ ಕೊಂಚೆಟ್ಟಾ ಕಚೋಲಾ, ಮೂವತ್ತೊಂದು ವರ್ಷ, ಮೂರು ಮಕ್ಕಳ ತಾಯಿ, 2011ರಲ್ಲಿ ಸಾಕ್ಷಿ ಹೇಳಲು ಹೋದಳು. ಮಕ್ಕಳು ತವರಿನಲ್ಲಿದ್ದರು. ಆ ಮಕ್ಕಳನ್ನು ಮುಂದಿಟ್ಟುಕೊಂಡು ತವರು ಅವಳನ್ನು ವಾಪಸು ಕರೆಯಿತು. ಹೋದಳು. ಹೇಳಿದ್ದೆಲ್ಲ ಸುಳ್ಳು ಅಂತ ಅವಳಿಂದ ಟೇಪಿನಲ್ಲಿ ಹೇಳಿಸಿದರು. ಆಗಸ್ಟ್ 20ಕ್ಕೆ ಆಸಿಡ್ ಹೊಟ್ಟೆಗೆ ಹೋಗಿ ಸತ್ತಳು. ಅವಳಿಗೆ ಕೊಟ್ಟ ಹಿಂಸೆಗೆ ಅಪ್ಪ, ಅಮ್ಮ, ಸೋದರ ಮೂವರಿಗೂ ಶಿಕ್ಷೆ ಆಯಿತು.

ಬಾ, ಎಲ್ಲ ಮರೆತಿದ್ದೇವೆ, ಮನೆಗೆ ಬಾ. ಕ್ಷಮೆ ಅಂತ ಕರೆದರೆ ಇದೂ ಕ್ಷಮೆಯೇ. ಇಂಥ ಮನೆಯಿಂದ ಕ್ಷಮೆ ಬಂದರೆ ಕದ ಹಾಕಿಕೊಳ್ಳುವುದೇ ವಾಸಿ.

ಲೆಕ್ಕ ಉಲ್ಟಾ ಆಗುವುದೂ ಉಂಟು. ಡಚ್ಚರದೇ ಇನ್ನೊಂದು ದೊಡ್ಡ ಕೊಕೇನ್ ಗ್ಯಾಂಗಿನ ಕೇಸಿನಲ್ಲಿ ಒಬ್ಬ ಆರೋಪಿ ಸರ್ಕಾರದ ಕಡೆ ಸಾಕ್ಷಿಯಾದ ಅಂತ 2018ರ ಮಾರ್ಚ್‌ನಲ್ಲಿ ಗೊತ್ತಾಯಿತು. ಒಂದು ವಾರದೊಳಗೆ ಅವನ ಒಡಹುಟ್ಟಿದವನನ್ನು ಕೆಲಸದ ಜಾಗದಲ್ಲೇ ಕೊಂದರು. ಧಂದೆಗೂ ಅವನಿಗೂ ಸಂಬಂಧವೇ ಇರಲಿಲ್ಲ. ಮರುವರ್ಷ ಸಾಕ್ಷಿಯ ವಕೀಲ ಡೆರ್ಕ್ ವಿಯರ್ಸುಮ್. 2021ರ ಜುಲೈನಲ್ಲಿ ಸಾಕ್ಷಿಯ ಬೆನ್ನಿಗೆ ನಿಂತಿದ್ದ ಪತ್ರಕರ್ತ ಪೀಟರ್ ಆರ್. ಡೆ ವ್ರೀಸ್. ಹಿಂದೆ ವಿಲ್ಲೆಮ್ ಹೊಲೇಡರ್ ಬೆದರಿಕೆಗೂ ಗುರಿಯಾಗಿದ್ದವರು ಇವರು. ಅಂದರೆ ಒಬ್ಬ ಬಾಯಿ ಬಿಟ್ಟದ್ದಕ್ಕೆ ಬೆಲೆ ತೆತ್ತದ್ದು ಬಾಯಿ ಬಿಡದ ಸೋದರ. ಇದನ್ನು ಓದಿದಮೇಲೆ ನನ್ನ ಖಡಾಖಂಡಿತ ಮಾತು ಸ್ವಲ್ಪ ಅಲ್ಲಾಡಿತು. ಯಜಮಾನನಿಂದ ಸಾಕ್ಷಿಗೆ ಕ್ಷಮೆ ಬೇಕಿಲ್ಲ, ಸರಿ. ಆದರೆ ಆ ಸತ್ತ ಸೋದರನ ಹೆತ್ತವರ ಮುಂದೆ ಅವನು ಯಾವ ಮುಖ ಹೊತ್ತು ನಿಲ್ಲಬೇಕು? ಅವರಿಗೂ ಅವನು ಮಗನೇ.

'ಕೊಡಲಿ ಕಾವು ಕುಲಕ್ಕೆ ಸಾವು' ಅನ್ನೋ ಗಾದೆ ಇದೆಯಲ್ಲ, ಅದು ನನಗೆ ಚಿಕ್ಕಂದಿನಿಂದ ಒಂದು ಥರ ಕಾಡಿದೆ. ಮರದಿಂದಲೇ ಆದ ಕಾವು ಮರವನ್ನು ಕಡಿಯುತ್ತದೆ ಅಂತ. ಕಬ್ಬಿಣದ ಬಗ್ಗೆ ಗಾದೆ ಒಂದು ಮಾತೂ ಆಡುವುದಿಲ್ಲ ನೋಡಿ, ಬೈಗುಳವೆಲ್ಲ ಕಾವಿಗೇ. ಇನ್ನೊಂದು, 'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು'. ಗಂಡು ಮಕ್ಕಳು ಕಿತ್ತಾಡಿದರೆ ಅದು ಲೋಕಾರೂಢಿ, ಗಾದೆಯೇ ರಿಯಾಯಿತಿ ಕೊಟ್ಟುಬಿಟ್ಟಿದೆ. ಅಕ್ಕತಂಗಿಯರಿಗೆ ಅಂಥ ಗಾದೆ ನಾನು ಕೇಳಿಲ್ಲ. ಅವರ ಪಾಲಿಗೆ ಇರುವುದು ತವರು ತಣ್ಣಗಿರಲಿ ಅನ್ನೋ ಹಾರೈಕೆ ಒಂದೇ. ಅಮ್ಮ ಆ ಸಂಜೆ ತವರಿನ ಮಾತು ಎತ್ತಿದ್ದು ಸುಮ್ನೆ ಅಲ್ಲ, ಅವರ ಮನಸ್ಸಿನಲ್ಲಿ ಇದ್ದದ್ದು ಅಸ್ಟ್ರಿಡ್ ಕೂಡ ಅಲ್ಲ.

ಅಮ್ಮನ ಚಿಕ್ಕಮ್ಮ ಒಬ್ಬರಿದ್ದರು, ನಾವೆಲ್ಲ ಚಿಕ್ಕಜ್ಜಿ ಅನ್ನುತ್ತಿದ್ದೆವು. ಹಾಸನದ ಕಡೆ ಒಂದು ಹಳ್ಳಿ. ಅವರ ಅಣ್ಣ, ಅಂದರೆ ಅಮ್ಮನ ಸೋದರಮಾವ, ತೋಟದ ಹಿಂದಿನ ಹಳ್ಳದಲ್ಲಿ ಕಳ್ಳಭಟ್ಟಿ ಕಾಯಿಸುತ್ತಿದ್ದರು. ಊರಿಗೆಲ್ಲ ಗೊತ್ತು, ಯಾರೂ ಹೇಳುತ್ತಿರಲಿಲ್ಲ. ಚಿಕ್ಕಜ್ಜಿಯ ಗಂಡ ಅಲ್ಲಿಗೇ ಗಿರಾಕಿ. ಬಾವ ಅಂತ ಮಾವ ಬಿಟ್ಟಿ ಏನೂ ಕೊಡುತ್ತಿರಲಿಲ್ಲ, ಸಾಲ ಬರೆದುಕೊಳ್ಳುತ್ತಿದ್ದರು. ಒಂದು ಸಲ ಸಾಲಕ್ಕೆ ಚಿಕ್ಕಜ್ಜಿಯ ಕಿವಿಯ ಓಲೆ ಹೋಯಿತು. ಆ ಓಲೆ ಮದುವೆಯಲ್ಲಿ ತವರಿನವರೇ ಹಾಕಿದ್ದು, ಅದೇ ಮನೆಗೆ ವಾಪಸು ಹೋಯಿತು. ಅದಾಗಿ ಸ್ವಲ್ಪ ದಿನಕ್ಕೆ ಅಬಕಾರಿಯವರು ಬಂದು ಬೆಲ್ಲದ ಕೊಳೆ ತುಂಬಿದ ಹಂಡೆಗಳನ್ನೆಲ್ಲ ಉರುಳಿಸಿ ಮಾವನನ್ನು ಎಳೆದುಕೊಂಡು ಹೋದರು. ಹಂಡೆ ಹೂತಿಟ್ಟ ಜಾಗ ತೋರಿಸಿದವರು ಯಾರು ಅಂತ ಕಂಡುಹಿಡಿಯಲು ಊರಿಗೆ ಎರಡು ದಿನವೂ ಬೇಕಾಗಲಿಲ್ಲ. ಚಿಕ್ಕಜ್ಜಿ ಇಲ್ಲ ಅಂತಲೂ ಅನ್ನಲಿಲ್ಲ.

ಇದು ಆಮ್‌ಸ್ಟರ್‌ಡ್ಯಾಮ್ ಅಲ್ಲ, ಯಾರೂ ಗುಂಡು ಹಾರಿಸಲಿಲ್ಲ. ಮಾವ ಕೆಲವು ತಿಂಗಳಿಗೆ ಹೊರಗೆ ಬಂದರು. ಬರೀ ಗೌರಿ ಹಬ್ಬದ ಬಾಗಿನ ನಿಂತಿತು, ಅಷ್ಟೇ. ಅಷ್ಟೇ ಅಂತ ನಾನು ಬರೆಯಬಹುದು, ಅಮ್ಮನ ಮುಂದೆ ಹೇಳಲಾರೆ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಕೇರಿಯ ಹೆಂಗಸರಿಗೆಲ್ಲ ತವರಿಂದ ಏನೋ ಒಂದು ಬರುವಾಗ, ಚಿಕ್ಕಜ್ಜಿ ಬಾಗಿಲಿಗೆ ಬೆನ್ನು ಹಾಕಿ ರುಬ್ಬುವ ಕಲ್ಲಿನ ಮುಂದೆ ಕೂರುತ್ತಿದ್ದರಂತೆ. ನನ್ನ ಅಜ್ಜಿ, ಅಂದರೆ ಚಿಕ್ಕಜ್ಜಿಯ ಅಕ್ಕ, ತವರು ಬಿಡಲಿಲ್ಲ. ಅಣ್ಣ ಕೊಟ್ಟ ಬಾಗಿನ ತೆಗೆದುಕೊಳ್ಳುತ್ತಿದ್ದರು. ಆದರೆ ಅದರಲ್ಲಿ ಅರ್ಧ ಡಜನ್ ಬಳೆ, ಒಂದು ರವಿಕೆ ಕಣ ತೆಗೆದಿಟ್ಟು ತಂಗಿ ಮನೆಗೆ ಹೋಗಿ "ತಗೋ, ತವರಿಂದ ಬಂದದ್ದು" ಅನ್ನುತ್ತಿದ್ದರು. ಇಬ್ಬರಿಗೂ ಗೊತ್ತು, ಇಬ್ಬರೂ ಮಾತಾಡುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹೀಗೇ ನಡೆಯಿತು.

"ಅಜ್ಜಿ ಯಾರ ಕಡೆ ಇದ್ರು ಹಾಗಾದ್ರೆ?" ಅಂತ ಕೇಳಿದೆ.

"ಯಾರ ಕಡೆ ಏನು. ಇಬ್ರೂ ಅವಳಿಗೆ ಒಡಹುಟ್ಟಿದೋರು ಕಣೇ" ಅಂದರು ಅಮ್ಮ. ಅವರೆಕಾಯಿ ಸಿಪ್ಪೆಯನ್ನು ಮೊರಕ್ಕೆ ಬಳಿದರು.

ಮಾವ ಸಾಯುವುದಕ್ಕೆ ಎರಡು ವರ್ಷ ಮುಂಚೆ, ಹಾಸಿಗೆ ಹಿಡಿದಿದ್ದಾಗ, ಒಂದು ಗೌರಿ ಹಬ್ಬಕ್ಕೆ ಚಿಕ್ಕಜ್ಜಿ ಮನೆಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಜೋಡಿ ಮೊರ, ಬಟ್ಟೆ ಮುಚ್ಚಿತ್ತು. ಅ‌ಕ್ಕಿ, ಬೇಳೆ, ಬೆಲ್ಲದಚ್ಚು, ಕನ್ನಡಿ, ಬಾಚಣಿಗೆ, ಸೀರೆ. ಬಳೆ ಪೂರ್ತಿ ಒಂದು ಡಜನ್. ಚಿಕ್ಕಜ್ಜಿ ಮೊರ ಮುಟ್ಟದೆ ಹುಡುಗನನ್ನು ಕೇಳಿದರಂತೆ: "ಅಣ್ಣ ಕಳಿಸಿದ್ನಾ? ಅತ್ತಿಗೆನಾ? ಇಲ್ಲಾ ನಮ್ಮಕ್ಕ ಕೊಟ್ಲಾ?"

ಹುಡುಗನಿಗೆ ಗೊತ್ತಿರಲಿಲ್ಲ. ಯಾರೋ ಕೊಟ್ಟರು, ತಗೊಂಡು ಬಂದೆ ಅಂದ. ಚಿಕ್ಕಜ್ಜಿ ಅವನಿಗೆ ಎರಡು ಒಬ್ಬಟ್ಟು ಕೊಟ್ಟು ಕಳಿಸಿದರು. ಮೊರ ಸಂಜೆಯವರೆಗೂ ಜಗಲಿ ಮೇಲೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಒಳಗೆ ತಗೊಂಡರು ಅಂತ ಅಮ್ಮ ಹೇಳಿದರು.